ಸಿಟ್ಟಿನ ಹುಡುಗರು ಬೇಕಾಗಿದ್ದಾರೆ

“ಸರ, ನಿಮ್ಮ ಕಾಲೇಜಿನಾಗ ಒಂದು ನಲವತ್ತು ಸಿಟ್ಟಿನ ಹುಡುಗ್ರು ಸಿಗತಾರೇನ್ರಿ?”

ಹದಿನೈದು ದಿನದ ಹಿಂದಿನ ಮಾತು. ಎರಡನೇ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕೂತಿದ್ದೆ. ಬಾಗಿಲಲ್ಲಿ ನಿಂತ ಮುದುಕರೊಬ್ಬರು ಹೀಗೆ ಕೇಳಿದರು. ಬಿಳಿ ಪೈಜಾಮ, ಮಾಸಿದ ಜಾಕೆಟ್, ಹೆಗಲಿಗೆ ರೆಗ್ಜಿನ್ ಬ್ಯಾಗು. ಸಂತೆಯಲ್ಲಿ ಬದನೆಕಾಯಿ ಕೇಳುವಂಥ ಧಾಟಿ.

ನಮ್ಮ ಇಂಗ್ಲಿಷ್ ಮೇಷ್ಟ್ರು ಚಹಾದ ಕಪ್ಪು ಕೆಳಗಿಟ್ಟು, “ಎಂಥ ಸಿಟ್ಟು ಬೇಕ್ರಿ ಯಜಮಾನ್ರ? ಹೆಂಡತಿ ಮ್ಯಾಲಿಂದೋ, ಸರ್ಕಾರದ ಮ್ಯಾಲಿಂದೋ? ಎರಡೂ ನನ್ನ ಕಡೆ ಸ್ಟಾಕ್ ಅದಾವ” ಅಂದರು. ರೂಮೆಲ್ಲ ನಕ್ಕಿತು.

ನಾನು ನಗಲಿಲ್ಲ. ಆ ದನಿ ನನಗೆ ಗೊತ್ತಿತ್ತು.

“ಗವಿಸಿದ್ದಣ್ಣ” ಅಂದೆ.

“ಗುರ್ತು ಸಿಕ್ತೇನ್ರಿ ಸರ? ಪುಣ್ಯಾ.”

ಆ “ಸರ” ಚುಚ್ಚಿತು. ಇಪ್ಪತ್ತೈದು ವರ್ಷದ ಹಿಂದೆ ಇದೇ ಮನುಷ್ಯ ನನ್ನನ್ನು “ಲೇ ಎಲಬುರ್ಗಿ” ಅಂತ ಕರೆಯುತ್ತಿದ್ದರು. ನಾನು ಯಲಬುರ್ಗಾ ಕಡೆಯ ಹಳ್ಳಿಯವನು ಅನ್ನುವುದೊಂದೇ ಅವರಿಗೆ ಗೊತ್ತಿದ್ದದ್ದು. ಹೆಸರು ಕೇಳಿರಲೇ ಇಲ್ಲ. ಆಗ ಅದು ಅವಮಾನ ಅನ್ನಿಸುತ್ತಿತ್ತು. ಈಗ “ಸರ” ಅನ್ನುವುದೇ ಅವಮಾನ ಅನ್ನಿಸಿತು.

ಯಾರು ಈ ಗವಿಸಿದ್ದಣ್ಣ? ಗೊತ್ತಿಲ್ಲದವರಿಗೆ ಹೇಳುತ್ತೇನೆ.

ಕೊಪ್ಪಳ ಜಿಲ್ಲೆಯಾದ ಹೊಸತು. ತೊಂಬತ್ತೇಳು, ತೊಂಬತ್ತೆಂಟರ ಕಾಲ. ಗಂಗಾವತಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಕ್ಯಾಸೆಟ್ ಅಂಗಡಿ ಇತ್ತು. ಬರೀ ಮಾರುವ ಅಂಗಡಿ ಅಲ್ಲ, ತಯಾರು ಮಾಡುವ ಅಂಗಡಿ. ಮೇಲಿನ ಕೋಣೆಯೇ ಸ್ಟುಡಿಯೋ. ಹೊರಗಿನ ಸದ್ದು ಒಳಗೆ ಬರಬಾರದು ಅಂತ ಗೋಡೆಗೆಲ್ಲ ಖಾಲಿ ಅಕ್ಕಿ ಚೀಲ ಬಡಿದಿದ್ದರು. (ಗಂಗಾವತಿಯಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು ಅದೊಂದೇ.) ಹುಲಿಗಿಯ ದೇವಿ ಹುಲಿಗೆಮ್ಮನ ಹಾಡು, ಹೇಮಗುಡ್ಡದ ದೇವಿ ಪದ, ಭಜನೆ, ನಾಟಕದ ಹಾಡು. ಹುಣ್ಣಿಮೆಗೆ ಹುಲಿಗಿಗೆ ಹೋಗುವ ಟೆಂಪೋಗಳಲ್ಲಿ ಕೇಳುತ್ತಿದ್ದದ್ದು ಅವರ ಕ್ಯಾಸೆಟ್ಟೇ. ಹಾರ್ಮೋನಿಯಂ ನುಡಿಸುವವರು ಅವರು, ರೆಕಾರ್ಡಿಂಗ್ ಬಟನ್ ಒತ್ತುವವರು ಅವರು, ಕವರಿನ ಫೋಟೋದಲ್ಲಿ ಕೈಮುಗಿದು ನಿಂತವರೂ ಅವರೇ.

ಒಂದು ದಿನ ಬೆಂಗಳೂರಿನ ಡೈರೆಕ್ಟರ್ ಒಬ್ಬರು ಆ ಅಂಗಡಿಗೆ ಬಂದರು. ಅವರಿಗೆ ಬೇಕಾಗಿದ್ದದ್ದು ನಮ್ಮ ಕಡೆಯ ಬಂಡೆಗಲ್ಲುಗಳು. ಪೊಲೀಸರಿಂದ ತಪ್ಪಿಸಿಕೊಂಡ ಹೀರೋ ಬಚ್ಚಿಟ್ಟುಕೊಳ್ಳಲು ಜಾಗ ಹುಡುಕುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಹಲಗೆಯ ಬಡಿತ ಕೇಳಿ ನಿಂತವರು, ಬಂಡೆ ಜೊತೆ ಗವಿಸಿದ್ದಣ್ಣನನ್ನೂ ಹಿಡಿದುಕೊಂಡು ಹೋದರು.

ಹೀಗೆ ದೇವಿ ಪದ ಮಾಡುತ್ತಿದ್ದ ಮನುಷ್ಯ ಹುಡುಗರ ದಂಗೆಯ ಪಿಕ್ಚರ್‌ಗಳಿಗೆ ಮ್ಯೂಸಿಕ್ ಮಾಡುವವರಾದರು. ಒಂದಲ್ಲ, ಎರಡಲ್ಲ, ಏಳು ಪಿಕ್ಚರ್. ಏಳರ ಕಥೆಯೂ ಹೆಚ್ಚೂ ಕಡಿಮೆ ಒಂದೇ. ಕಾಲೇಜು. ಗಡ್ಡದ ಹೀರೋ. ಕೆಟ್ಟ ಮಂತ್ರಿ. ಮಂತ್ರಿಗೆ ಬಾಲ ಅಲ್ಲಾಡಿಸುವ ಪ್ರಿನ್ಸಿಪಾಲ್. ಹೆಸರಿನಲ್ಲಿ ಒಂದೋ ಬೆಂಕಿ ಇರಬೇಕು, ಇಲ್ಲಾ ರಕ್ತ ಇರಬೇಕು. ಬೆಂಗಳೂರಿನಲ್ಲಿ ಮೂರು ದಿನ ಓಡುತ್ತಿದ್ದವು. ನಮ್ಮ ಕಡೆ ಮೂರು ವಾರ.

ಮೊದಲನೇ ಪಿಕ್ಚರ್ ನೋಡಲು ನಮ್ಮ ಹಾಸ್ಟೆಲ್ಲಿನವರು ಇಡೀ ಗಾಂಧಿ ಕ್ಲಾಸು ತುಂಬಿದ್ದೆವು. ನಾನಾಗ ಗಂಗಾವತಿಯಲ್ಲಿ ಬಿ.ಎ. ಎರಡನೇ ವರ್ಷ. ಹೀರೋ ಕಾರಿಗೆ ಕಲ್ಲು ಎಸೆದಾಗ ಶಿಳ್ಳೆ. ಪ್ರಿನ್ಸಿಪಾಲರ ಕುರ್ಚಿ ಕಿಟಕಿಯಿಂದ ಬಿದ್ದಾಗ ಶಿಳ್ಳೆ. ಕ್ಲೈಮ್ಯಾಕ್ಸಿನಲ್ಲಿ ಹೀರೋ ತನ್ನ ಡಿಗ್ರಿ ಸರ್ಟಿಫಿಕೇಟಿಗೆ ಕಡ್ಡಿ ಗೀರಿ ಬೆಂಕಿ ಹಚ್ಚಿದ ನೋಡಿ, ನಮ್ಮ ಸಾಲುಗಳು ಗಪ್‌ಚಿಪ್. ಒಬ್ಬರೂ ಶಿಳ್ಳೆ ಹೊಡೆಯಲಿಲ್ಲ. ಪಕ್ಕದಲ್ಲಿದ್ದ ಕುಷ್ಟಗಿಯ ಗೆಳೆಯ ನನ್ನ ಕೈ ಹಿಡಿದು, “ಝೆರಾಕ್ಸ್ ಇರಬೇಕ್ ಬಿಡೋ” ಅಂದ.

ಅವನ ಸಂಕಟ ನನಗೆ ಗೊತ್ತಿತ್ತು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ಹೆಮ್ಮೆ ಇದೆ. ನಮ್ಮಪ್ಪ ಸಹಿ ಕಲಿಯದೆ ಸತ್ತ. ನನ್ನ ಸರ್ಟಿಫಿಕೇಟು ಬಂದ ದಿನ ಅದನ್ನು ಉಲ್ಟಾ ಹಿಡಿದು ಅರ್ಧ ಗಂಟೆ ನೋಡಿದ, ಆಮೇಲೆ ಧೋತ್ರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ. ಅಂಥದ್ದನ್ನು ಸುಡುವುದಾ? ದಂಗೆ ಏಳಲು ಬೇರೆ ಏನೂ ಸಿಗಲಿಲ್ಲವಾ ಇವನಿಗೆ?

ಇರಲಿ. ಹೇಳಬೇಕಾದ ಮುಖ್ಯ ಮಾತು ಬೇರೆ ಇದೆ. ಆ ಪಿಕ್ಚರ್‌ನಲ್ಲಿ ನಾನೂ ಇದ್ದೆ. ಕಾಣಿಸುವುದಿಲ್ಲ. ಕೇಳಿಸುತ್ತೇನೆ.

ದಂಗೆಯ ಪಿಕ್ಚರ್ ಅಂದ ಮೇಲೆ ಗದ್ದಲ ಬೇಕು. ನೂರಾರು ಹುಡುಗರು ಧಿಕ್ಕಾರ ಕೂಗುವ ಸದ್ದು. ಬೆಂಗಳೂರಿನಲ್ಲಾದರೆ ಕೂಲಿ ಕೊಟ್ಟರೆ ಎ.ಸಿ. ರೂಮಿನಲ್ಲಿ ನಿಂತು ಕೂಗುವವರು ಸಿಗುತ್ತಾರಂತೆ. ಗವಿಸಿದ್ದಣ್ಣ ಒಪ್ಪಲಿಲ್ಲ. “ಉಂಡು ಬಂದವ್ರು ಕೂಗಿದ್ರ ಉಂಡು ಬಂದಂಗ ಕೇಳಸತೈತಿ” ಅಂತ ಅವರ ವಾದ. ಸೀದಾ ನಮ್ಮ ಹಾಸ್ಟೆಲ್ಲಿಗೆ ಬಂದರು. ನಲವತ್ತು ಹುಡುಗರನ್ನು ಆರಿಸಿದರು. ಎಲ್ಲರೂ ಊಟದ ತಾಟು, ಚಮಚ ತರಬೇಕು ಅಂತ ಆರ್ಡರ್ ಮಾಡಿದರು. ಅಮಾವಾಸ್ಯೆ ದಿನ. ಅಕ್ಕಿ ಗಿರಣಿಗೆ ರಜೆ. ಗಿರಣಿ ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿ, ಬಿದಿರ ಬೊಂಬಿಗೆ ಮೈಕು ಕಟ್ಟಿದರು.

“ಮಂತ್ರಿಗೆ” ಅಂತ ಅವರು ಅಂದರೆ “ಧಿಕ್ಕಾರ” ಅಂತ ನಾವು ಅನ್ನಬೇಕು. ಅಂದೆವು. ಮೂರು ಸಲ ಅಂದೆವು. ಗವಿಸಿದ್ದಣ್ಣ ಕಿವಿಯಿಂದ ಹೆಡ್‌ಫೋನು ಕಿತ್ತು ಕೂತುಬಿಟ್ಟರು.

“ಲೇ, ಧಿಕ್ಕಾರ ಅಂದ್ರ ಬೈಗಳಲೇ. ಮಂಗಳಾರತಿ ಹಾಡಿದಂಗ ಹಾಡಾಕತ್ತೀರಲ್ಲ.”

“ಮಂತ್ರಿ ಯಾರಂತ ನಮಗ ಗೊತ್ತಿಲ್ಲಲ್ಲಣ್ಣ” ಅಂದ ಕುಷ್ಟಗಿಯವನು.

“ಹಂಗಾರ ನಿಮಗ ಖರೇನ ಯಾರ ಮ್ಯಾಲ ಸಿಟ್ಟೈತಿ, ಹೇಳ್ರಿ.”

ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ. “ವಾರ್ಡನ್ ಮ್ಯಾಲ” ಅಂತ ನಲವತ್ತೂ ಬಾಯಿ ಒಟ್ಟಿಗೆ ಹೇಳಿದವು. ಊರ ತುಂಬ ಅಕ್ಕಿ ಗಿರಣಿ, ನಮ್ಮ ತಾಟಿನಲ್ಲಿ ಅರೆಬೆಂದ ಅಕ್ಕಿ. ಗೋಡೆಗೆ ಎಸೆದರೆ ಟಣ್ ಅಂತ ವಾಪಸ್ ಬರುತ್ತಿತ್ತು. ಕಟ್ಟಿಗೆ ಉಳಿಸಲು ಬೇಗ ಇಳಿಸುತ್ತಿದ್ದರು. ಹೊಟ್ಟೆನೋವು ನಮಗೆ ಪಠ್ಯದ ಒಂದು ಭಾಗವೇ ಆಗಿತ್ತು.

“ಅಡ್ಡಿಯಿಲ್ಲ. ಅವ್ನಿಗೇ ಕೂಗ್ರಿ. ಮ್ಯಾಲ ಬಾಜಾ ಹಾಕಿ ನಾ ಮುಚ್ಚತೀನಿ. ಯಾರಿಗೂ ತಿಳಿಯಂಗಿಲ್ಲ.”

ಆಮೇಲೆ ನಡೆದದ್ದು ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ. ತಾಟು ಬಡಿದೆವು. ಕೂಗಿದೆವು. ಗಿರಣಿಯ ತಗಡಿನ ಮಾಡು ನಡುಗಿತು. ಪಾರಿವಾಳ ಎದ್ದು ಹೋದವು. ಕುಷ್ಟಗಿಯವನು ಅತ್ತೇ ಬಿಟ್ಟ. ನಡುವೆ ನನ್ನೊಬ್ಬನ ದನಿ ಎಲ್ಲರಿಗಿಂತ ಮೇಲೆ ಹೋಯಿತು: “ಅನ್ನ ಬೇಯಿಸಲೇ ವಾರ್ಡನ್ನಾ.” ಅಲ್ಲಿಯವರೆಗೆ ನನ್ನ ಗಂಟಲೊಳಗೆ ಅಷ್ಟು ಜಾಗ ಇದೆ ಅಂತ ನನಗೇ ಗೊತ್ತಿರಲಿಲ್ಲ. ಗವಿಸಿದ್ದಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ, “ಲೇ ಎಲಬುರ್ಗಿ, ಭಾಳ ಛಲೋ ಧ್ವನಿ ಐತಿ ನಿಂದು” ಅಂದರು. ಎಲ್ಲರಿಗೂ ಮಂಡಕ್ಕಿ, ಮಿರ್ಚಿ ಕೊಡಿಸಿದರು.

ಮುಚ್ಚುತ್ತೇನೆ ಅಂದಿದ್ದರಲ್ಲ? ಮುಚ್ಚಲಿಲ್ಲ.

ಥಿಯೇಟರಿನಲ್ಲಿ ಹೀರೋ ಮೆಟ್ಟಿಲು ಇಳಿದು ಬರುತ್ತಾನೆ. ಹಲಗೆ ನಿಲ್ಲುತ್ತದೆ. ತಾಟಿನ ಬಡಿತ ನಿಲ್ಲುತ್ತದೆ. ಆ ಎರಡು ಕ್ಷಣದ ಖಾಲಿಯಲ್ಲಿ ಗಂಗಾವತಿಯ ಇಡೀ ಥಿಯೇಟರಿಗೆ ಕೇಳುವ ಹಾಗೆ: “ಅನ್ನ ಬೇಯಿಸಲೇ ವಾರ್ಡನ್ನಾ.” ಆ ಪಿಕ್ಚರ್‌ನಲ್ಲಿ ವಾರ್ಡನ್ ಪಾತ್ರವೇ ಇಲ್ಲ. ಬೇರೆ ಊರಿನವರಿಗೆ ಏನು ಅರ್ಥವಾಯಿತೋ. ನಮ್ಮ ಸಾಲು ಮಾತ್ರ ಕುರ್ಚಿ ಮುರಿಯುವಷ್ಟು ಕುಣಿಯಿತು. ಬಾಲ್ಕನಿಯಲ್ಲಿ ನಮ್ಮ ವಾರ್ಡನ್ ಹೆಂಡತಿ ಮಕ್ಕಳ ಜೊತೆ ಕೂತಿದ್ದರು ಅನ್ನುವುದು ಇಂಟರ್‌ವಲ್‌ನಲ್ಲಿ ಗೊತ್ತಾಯಿತು.

ಮರುದಿನ ಮಧ್ಯಾಹ್ನ ವಾರ್ಡನ್ ಊಟದ ಹಾಲಿಗೆ ಬಂದರು. ಬುತ್ತಿ ಕಟ್ಟಿಕೊಂಡು ಊರಿಗೆ ಹೋಗಬೇಕು, ಇಲ್ಲಿಗೆ ನನ್ನ ಓದು ಮುಗಿಯಿತು ಅಂತ ನಾನು ತೀರ್ಮಾನಿಸಿದ್ದೆ. ಅವರು ಒಂದು ಹಿಡಿ ಅನ್ನ ತೆಗೆದು ಬಾಯಿಗೆ ಹಾಕಿಕೊಂಡರು. ಅಗಿದರು. ಅಗಿಯುತ್ತಲೇ ಇದ್ದರು.

“ಯಾರಲೇ ಅದು, ಕೂಗಿದಾಂವ?”

ನಲವತ್ತು ಜನರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ನಾನಂತೂ ತಾಟಿನೊಳಗೇ ಹೋಗಿದ್ದೆ.

“ಯಾರರ ಇರ್ಲಿ. ಇದನ್ನ ನನಗ ಮೊದ್ಲ ಹೇಳಿದ್ರ ನಾ ಕೇಳತಿದ್ದಿಲ್ಲ. ಅದೂ ಖರೇ” ಅಂದರು. ಅಡುಗೆಯವನ ಕಡೆ ತಿರುಗಿ, “ಇನ್ನೊಂದು ಕುದಿ ಬರ್ಲಿ” ಅಂದು ಹೋದರು. ಅಷ್ಟೇ. ಪತ್ರ ಇಲ್ಲ, ನೋಟಿಸ್ ಇಲ್ಲ. ಅವತ್ತಿನಿಂದ ಅನ್ನ ಬೆಂದಿತು. ಅದನ್ನು ಉಂಡು ನಾನು ಬಿ.ಎ. ಮುಗಿಸಿದೆ.

ಆ ಗದ್ದಲವನ್ನು ಗವಿಸಿದ್ದಣ್ಣ ಏಳೂ ಪಿಕ್ಚರ್‌ಗೆ ಹಾಕಿದರು. ಭೂಮಾಲೀಕನ ವಿರುದ್ಧ, ಗಣಿ ಮಾಲೀಕನ ವಿರುದ್ಧ, ಕೊನೆಗೆ ಹುಡುಗಿಯ ಅಪ್ಪನ ವಿರುದ್ಧ ಕೂಗಿದವರೂ ನಾವೇ, ನಲವತ್ತು ಜನ, ಅದೇ ತಾಟು. ಕೂಗಿದವರಲ್ಲಿ ಒಬ್ಬ ಪೊಲೀಸನಾದ, ಇಬ್ಬರು ಗುತ್ತಿಗೆದಾರರಾದರು, ಕುಷ್ಟಗಿಯವನು ತಾನೇ ಒಂದು ಹಾಸ್ಟೆಲ್ಲಿನ ವಾರ್ಡನ್ ಆದ. ಪಿಕ್ಚರ್‌ನಲ್ಲಿ ಮಾತ್ರ ಇಪ್ಪತ್ತೇ ವರ್ಷದವರಾಗಿ ಕೂಗುತ್ತಲೇ ಇದ್ದೆವು.

ಆ ಮನುಷ್ಯ ಈಗ ನನ್ನ ಮುಂದೆ ಕೂತು ಚಹಾ ಕುಡಿಯುತ್ತಿದ್ದರು. ಎಂಟನೇ ಪಿಕ್ಚರ್ ಸಿಕ್ಕಿದೆಯಂತೆ. ಎಷ್ಟೋ ವರ್ಷದ ಮೇಲೆ. ಡೈರೆಕ್ಟರ್ ಹೊಸಬ.

“ಹಳೇ ಗದ್ದಲ ಕೇಳಿಸಿದ್ನಿ ಸರ. ‘ಅಂಕಲ್, ಇದನ್ನ ನಾನು ಬೇರೆ ಮೂವಿಯಲ್ಲಿ ಕೇಳಿದೀನಿ’ ಅಂದ. ಹಿಡದಬಿಟ್ಟ. ‘ಕಂಪ್ಯೂಟರಿನಾಗ ರೆಡಿಮೇಡ್ ಸಿಗತೈತಿ, ಬ್ಯಾರೆಯವ್ರ ಕಡೆ ಮಾಡಸತೀನಿ’ ಅಂದ. ನಾ ಅಂದ್ನಿ, ಸೋಮವಾರದ ತನಕ ಟೈಮ್ ಕೊಡಪಾ, ಖರೇ ಹುಡುಗರದು ತರತೀನಿ. ಹೂಂ ಅಂದಾನ. ತಂದ್ರ ಪಿಚ್ಚರ್ ನಂದು. ಇಲ್ಲಾಂದ್ರ ಇಲ್ಲ.”

“ಗಂಗಾವತಿಯಾಗ ಸಿಗಲಿಲ್ಲೇನು?”

“ಮೂರು ಕಾಲೇಜಿಗೆ ಹೋಗಿದ್ನಿ. ಕೊಪ್ಪಳಕ್ಕೂ ಹೋಗಿದ್ನಿ. ವಿಡಿಯೋ ಮಾಡಾಕ ಬರತಾರ, ಕೂಗಾಕ ಬರೂದಿಲ್ಲ. ಆಮ್ಯಾಲ ನೆನಪಾತು, ನಮ್ಮ ಎಲಬುರ್ಗಿ ಈಗ ಮಾಸ್ತರ ಆಗ್ಯಾನ, ಅವನ ಹುಡುಗ್ರು ಅವನಂಗ ಇರತಾರ ಅಂತ.”

ಅವನ ಹುಡುಗರು ಅವನ ಹಾಗೆ ಇರುತ್ತಾರೆ. ಈ ಮಾತನ್ನು ಅವರು ಹೊಗಳಿಕೆ ಅಂತಲೇ ಹೇಳಿದ್ದು.

ಇಲ್ಲಿ ಒಂದು ವಿಷಯ ಮುಚ್ಚಿಟ್ಟು ಮುಂದೆ ಹೋದರೆ ನಿಮಗೆ ಮೋಸ ಮಾಡಿದಂತೆ. ನಾನು ಪಾಠ ಮಾಡುವ ಕಾಲೇಜು (ಯಾವ ಊರು ಅಂತ ಕೇಳಬೇಡಿ, ಕುಷ್ಟಗಿ, ಯಲಬುರ್ಗಾ ಕಡೆಯದು ಅಂದರೆ ಸಾಕು) ಸುತ್ತಲ ಹಳ್ಳಿ ಮಕ್ಕಳದು. ಎಲ್ಲ ಬಸ್ಸಿನಲ್ಲಿ ಬರುತ್ತಾರೆ. ಬೆಳಗಿನ ಬಸ್ಸು ದಿನಾ ತಡ. ಮೊದಲನೇ ಪೀರಿಯಡ್ ದಿನಾ ತಪ್ಪುತ್ತದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಬಸ್ಸನ್ನು ಬೇಗ ಬಿಡಿ, ಇಲ್ಲಾ ಮೊದಲನೇ ಪೀರಿಯಡ್ ತಡವಾಗಿ ಇಡಿ ಅಂತ ಮಕ್ಕಳು ಕೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಮೂರು ತಿಂಗಳ ಹಿಂದೆ ಗೇಟಿನ ಮುಂದೆ ಕೂತು ಘೋಷಣೆ ಕೂಗಿದರು. ಮುಂದೆ ನಿಂತವಳು ಹುಲಿಗೆಮ್ಮ ಅಂತ, ಬಿ.ಎ. ಕೊನೇ ವರ್ಷದ ಹುಡುಗಿ. ಮನೆಯಲ್ಲಿ ಓದಿದವಳು ಅವಳೊಬ್ಬಳೇ.

ನಮ್ಮ ಕಾಲೇಜಿನ ಶಿಸ್ತು ಸಮಿತಿಗೆ ಸಂಚಾಲಕ ಯಾರು? ನಾನು.

ಕೂಗಿದವರೆಲ್ಲ ತಂದೆಯನ್ನು ಕರೆತಂದು ಮುಚ್ಚಳಿಕೆ ಬರೆದುಕೊಡಬೇಕು ಅಂತ ತೀರ್ಮಾನವಾಯಿತು. ಬರೆದುಕೊಡದವರಿಗೆ ಪರೀಕ್ಷೆ ಇಲ್ಲ. ಮುಚ್ಚಳಿಕೆಯ ಒಕ್ಕಣೆ ನನ್ನದೇ. “ಇನ್ನು ಮುಂದೆ ಕಾಲೇಜಿನ ಆವರಣದಲ್ಲಿ ಯಾವುದೇ ಕಾರಣಕ್ಕೂ, ಯಾವುದೇ ರೀತಿಯ ಘೋಷಣೆ ಕೂಗುವುದಿಲ್ಲ.” ಒಳ್ಳೆಯ ಕನ್ನಡ. ಒಂದು ಕಾಗುಣಿತ ತಪ್ಪಿಲ್ಲ. ಹುಲಿಗೆಮ್ಮನ ಅಪ್ಪನಿಗೆ ಸಹಿ ಬರುವುದಿಲ್ಲ. ಅವರ ಹೆಬ್ಬೆಟ್ಟನ್ನು ಹಿಡಿದು ಇಂಕ್ ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿದವನು ನಾನು. ಒರಟು ಬೆರಳು. ನನಗೆ ಗುರುತಿದ್ದ ಬೆರಳಿನಂತೆಯೇ ಇತ್ತು. “ಮಗಳಿಗೆ ಬುದ್ಧಿ ಹೇಳತೀನ್ರಿ ಸಾಹೇಬ್ರ” ಅಂದರು. ಆ ಪತ್ರಗಳೆಲ್ಲ ನನ್ನ ಅಲ್ಮೇರಾದಲ್ಲಿವೆ.

ಇಷ್ಟು ಗೊತ್ತಿದ್ದೂ ನಾನು ಗವಿಸಿದ್ದಣ್ಣನಿಗೆ ಯಾಕೆ ಹೂಂ ಅಂದೆ? ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವರ ಕಣ್ಣಲ್ಲಿ ನಾನಿನ್ನೂ ಆ ದನಿಯವನೇ ಆಗಿದ್ದೆನಲ್ಲ, ಅದನ್ನು ಕಳೆದುಕೊಳ್ಳುವ ಧೈರ್ಯ ಬರಲಿಲ್ಲ.

ಪ್ರಿನ್ಸಿಪಾಲರ ಹತ್ತಿರ ಹೋದೆ. “ಪಿಚ್ಚರಾ? ಮಾಡ್ಸ್ರಿ, ಕಾಲೇಜಿಗೆ ಹೆಸ್ರು ಬರತೈತಿ” ಅಂದರು. “ಆದ್ರ ಏನೇನು ಕೂಗತಾರ ಅಂತ ಲಿಸ್ಟ್ ಕೊಡ್ರಿ. ಯಾರ ಹೆಸ್ರೂ ಬ್ಯಾಡ. ಸರ್ಕಾರ ಅನ್ನೂದೂ ಬ್ಯಾಡ. ಅನ್ಯಾಯ ಅಂತ ಹಾಕ್ರಿ. ಅದು ಯಾರಿಗೂ ತಾಗೂದಿಲ್ಲ.”

ಲಿಸ್ಟ್ ಮಾಡಿದೆ. ಐದು ಘೋಷಣೆ. ಪ್ರಿನ್ಸಿಪಾಲರು ಸಹಿ ಹಾಕಿ, ಮೇಲೆ ಆಫೀಸಿನ ದುಂಡನೆಯ ಸೀಲು ಒತ್ತಿದರು. ಗವಿಸಿದ್ದಣ್ಣ ಆ ಕಾಗದ ಹಿಂದೆ ಮುಂದೆ ತಿರುಗಿಸಿ ನೋಡಿ, “ಸಿಟ್ಟಿಗೂ ಸಿಕ್ಕಾ ಹೊಡದೀರಲ್ರಿ” ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮರುದಿನ ಮಧ್ಯಾಹ್ನ ದೊಡ್ಡ ಕ್ಲಾಸ್ ರೂಮಿನಲ್ಲಿ ನಲವತ್ತು ಮಕ್ಕಳನ್ನು ಕೂಡಿಸಿದೆ. ಅವರು ತಾವಾಗಿ ಬರಲಿಲ್ಲ, ನಾನು ಬರಹೇಳಿದ್ದಕ್ಕೆ ಬಂದರು. ಹುಲಿಗೆಮ್ಮ ಎರಡನೇ ಬೆಂಚಿನಲ್ಲಿದ್ದಳು. ಗವಿಸಿದ್ದಣ್ಣ ಬ್ಯಾಗಿನಿಂದ ರೆಕಾರ್ಡರ್ ತೆಗೆದರು. ಅದರ ಜೊತೆಗೊಂದು ಸ್ಟೀಲ್ ತಾಟನ್ನೂ ತಂದಿದ್ದರು. ಅಂಚು ಬಡಿದು ಬಡಿದು ಅಲೆಅಲೆಯಾಗಿತ್ತು. ಆ ಅಮಾವಾಸ್ಯೆಯ ದಿನ ನಮ್ಮಲ್ಲೊಬ್ಬ ಮರೆತು ಹೋಗಿದ್ದ ತಾಟದು. ಇಷ್ಟು ವರ್ಷ ಇಟ್ಟುಕೊಂಡಿದ್ದಾರೆ.

“ಅನ್ಯಾಯಕ್ಕೆ” ಅಂದರು.

“ಧಿಕ್ಕಾರ” ಅಂದರು ಮಕ್ಕಳು.

ಮತ್ತೊಮ್ಮೆ. ಇನ್ನೊಮ್ಮೆ. ಹತ್ತು ಸಲ. ಗವಿಸಿದ್ದಣ್ಣ ಹೆಡ್‌ಫೋನು ತೆಗೆದು ನನ್ನ ಕಿವಿಗೆ ಇಟ್ಟರು. ಕೇಳಿದೆ. ಎಲ್ಲರೂ ಒಂದೇ ಎತ್ತರದಲ್ಲಿ, ಒಂದೇ ಅಳತೆಯಲ್ಲಿ ಹೇಳಿದ್ದರು. ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಯೋಚಿಸಿದೆ. ಹೊಳೆಯಿತು. ನಾನು ಹಾಜರಿ ಕರೆದಾಗ “ಎಸ್ ಸರ್” ಅನ್ನುತ್ತಾರಲ್ಲ, ಅದೇ ದನಿ.

ಗವಿಸಿದ್ದಣ್ಣ ಮಕ್ಕಳ ಎದುರಿನ ಬೆಂಚಿನ ಮೇಲೆ ಕೂತರು. ತಾಟನ್ನು ತೊಡೆಯ ಮೇಲಿಟ್ಟುಕೊಂಡು, ಆ ಹಳೆಯ ಪ್ರಶ್ನೆ ಕೇಳಿದರು.

“ಆ ಲಿಸ್ಟ್ ಬಿಡ್ರಿ. ನಿಮಗ ಖರೇನ ಯಾರ ಮ್ಯಾಲ ಸಿಟ್ಟೈತಿ, ಹೇಳ್ರವ್ವಾ, ಹೇಳ್ರಪಾ.”

ಎಲ್ಲರೂ ನನ್ನ ಕಡೆ ನೋಡಿದರು. ಒಬ್ಬರಾದ ಮೇಲೆ ಒಬ್ಬರು, ಎಂಬತ್ತು ಕಣ್ಣು.

ಮುದುಕರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಇಡೀ ಜೀವನ ಗದ್ದಲವನ್ನೇ ಕೇಳಿದವರು. ಗದ್ದಲ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದೂ ಅವರಿಗೆ ಗೊತ್ತಾಗುತ್ತದೆ. ನನ್ನ ಮುಖ ನೋಡದೆ, “ಸರ, ನೀವು ಜರಾ ಹೊರಗ ನಿಂದ್ರತೀರೇನ್ರಿ?” ಅಂದರು.

ನಿಂತೆ. ಬೇವಿನ ಮರದ ಕೆಳಗೆ, ಕಿಟಕಿಗೆ ಬೆನ್ನು ಮಾಡಿ. ಬೈಯಲಿ ಅಂತ ಆಸೆಪಟ್ಟೆ. ಸುಳ್ಳಲ್ಲ. ನನ್ನ ಹೆಸರು ಹಿಡಿದು, ಮೂರು ತಲೆಮಾರು ಹಿಡಿದು ಬೈಯಲಿ. ನಾಳೆ ಥಿಯೇಟರಿನಲ್ಲಿ ಹೆಂಡತಿ ಮಕ್ಕಳ ಜೊತೆ ಕೂತು ಕೇಳುತ್ತೇನೆ, ಅಡ್ಡಿಯಿಲ್ಲ. ಐದು ನಿಮಿಷ ಕಾದೆ. ಹತ್ತು ನಿಮಿಷ ಕಾದೆ. ಒಳಗಿಂದ ಫ್ಯಾನಿನ ಸದ್ದು ಬರುತ್ತಿತ್ತು.

ಹುಲಿಗೆಮ್ಮ ಹೊರಗೆ ಬಂದಳು.

“ಸರ, ಒಂದು ಮಾತು ಕೇಳ್ಲೇನ್ರಿ?”

“ಕೇಳವ್ವಾ.”

“ಇದು ಆವರಣ ಹೌದಲ್ರಿ? ಕಾಲೇಜಿನ ಆವರಣ.”

“ಹೌದು.”

“ಯಾವುದೇ ಕಾರಣಕ್ಕೂ ಕೂಗೂದಿಲ್ಲ ಅಂತ ಬರಕೊಟ್ಟೀವಿ. ನಮ್ಮಪ್ಪನ ಹೆಬ್ಬೆಟ್ಟೈತಿ. ನಾಳೆ ಇದನ್ನ ಹಿಡಕೊಂಡು ಹಾಲ್ ಟಿಕೆಟ್ ತಡದ್ರ ಏನ್ ಮಾಡೂದ್ರಿ? ಆ ಪತ್ರ ವಾಪಸ್ ಕೊಡ್ರಿ ಸರ. ಮೊದ್ಲ ಅದನ್ನ ಕೊಡ್ರಿ, ಆಮ್ಯಾಲ ನೋಡ್ರಿ ಹೆಂಗ ಕೂಗತೀವಿ ಅಂತ.”

ಅವಳ ದನಿ ಸ್ವಲ್ಪ ಏರಿತ್ತು. ಕಿಟಕಿಯಲ್ಲಿ ಗವಿಸಿದ್ದಣ್ಣ ಮೈಕನ್ನು ನಮ್ಮ ಕಡೆ ತಿರುಗಿಸಿ ನಿಂತದ್ದು ಕಂಡಿತು. ಇಪ್ಪತ್ತೈದು ವರ್ಷದ ಮೇಲೆ ಅವರಿಗೆ ಬೇಕಾದದ್ದು ಬೇವಿನ ಮರದ ಕೆಳಗೆ ಸಿಗುವುದರಲ್ಲಿತ್ತು. ಅಲ್ಮೇರಾ ಇಪ್ಪತ್ತು ಹೆಜ್ಜೆ ದೂರ. ಕೀಲಿ ನನ್ನ ಪ್ಯಾಂಟಿನ ಜೇಬಿನಲ್ಲಿ.

ನಾನು ಏನು ಹೇಳಿದೆ ಗೊತ್ತಾ?

“ಅದು ಬ್ಯಾರೆ, ಇದು ಬ್ಯಾರೆ ಹುಲಿಗೆಮ್ಮ. ಪತ್ರ ಕಮಿಟಿದು. ನಾ ಒಬ್ಬನ ಕೊಡಾಕ ಬರೂದಿಲ್ಲ.”

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. “ಹೂಂ ರೀ ಸರ” ಅಂದು ಒಳಗೆ ಹೋಗಿ ಎರಡನೇ ಬೆಂಚಿನಲ್ಲಿ ಕೂತಳು. ಗವಿಸಿದ್ದಣ್ಣ ಮೈಕು ಕೆಳಗಿಳಿಸಿ, ವೈರು ಸುತ್ತಲು ಶುರುಮಾಡಿದರು.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಕೊಪ್ಪಳದ ಬಸ್ಸು ನಿಂತಿತ್ತು. ಹತ್ತುವ ಮೊದಲು ಅವರು ತಿರುಗಿ, “ನೀವ ಒಮ್ಮೆ ಕೂಗಿಬಿಡ್ರಿ ಸರ. ಒಬ್ಬರ ಧ್ವನಿ ಇದ್ರ ಸಾಕು, ನಲವತ್ತು ಮಾಡತೀನಿ. ಈಗೆಲ್ಲಾ ಬರತೈತಿ” ಅಂದರು. ಬ್ಯಾಗಿನಿಂದ ರೆಕಾರ್ಡರ್ ಅರ್ಧ ಹೊರಗೆ ತೆಗೆದಿದ್ದರು.

ಸುತ್ತ ನೋಡಿದೆ. ನಮ್ಮ ಆಫೀಸಿನ ಕ್ಲರ್ಕ್ ಚಹಾದಂಗಡಿಯಲ್ಲಿ ನಿಂತಿದ್ದ. ಪಾಲಕರು ಇಬ್ಬರು ನಮಸ್ಕಾರ ಮಾಡಿದರು. ನಾನೂ ಮಾಡಿದೆ.

“ಗಂಟಲ ಛಲೋ ಇಲ್ಲಣ್ಣ” ಅಂದೆ.

“ಅದು ತಿಳೀತು” ಅಂದರು. ಬಸ್ಸು ಹತ್ತಿದರು. ಈ ಸಲ ಸರ ಅನ್ನಲಿಲ್ಲ.

ಮಂಗಳವಾರ ಫೋನು ಮಾಡಿದರು. ಪಿಕ್ಚರ್ ಕೈ ತಪ್ಪಿದೆ. “ಕಂಪ್ಯೂಟರಿನ ಗದ್ದಲ ಹಾಕ್ಯಾರ. ನನಗ ಕೇಳಿಸಿದ್ರು. ಯಾವ ದೇಶದ ಮಂದಿನೋ ಏನೋ, ಭಾಳ ಛಲೋ ಕೂಗ್ಯಾರ. ಏನ್ ಬೇಕು ಅಂತ ಕೂಗ್ಯಾರ, ಅದೊಂದು ತಿಳಿಯಂಗಿಲ್ಲ.” ಅಂಗಡಿ ಮೇಲಿನ ಕೋಣೆ ಖಾಲಿ ಮಾಡುತ್ತಿದ್ದಾರಂತೆ. ಗೋಡೆಯ ಅಕ್ಕಿ ಚೀಲ ಬಿಚ್ಚಿಸಿದರಂತೆ. “ಈಗ ಹೊರಗಿನ ಸಪ್ಪಳ ಒಳಗ ಬರತೈತಿ, ಬರ್ಲಿ” ಅಂದರು. ಹಳೆಯ ಗದ್ದಲದ ಟೇಪು ಏನಾಯಿತು ಅಂತ ಕೇಳಿದೆ. ಬೂಷ್ಟು ಹಿಡಿದು ಅಂಟಿಕೊಂಡಿದೆಯಂತೆ, ಬಿಚ್ಚಿದರೆ ಹರಿಯುತ್ತದಂತೆ. ಅಷ್ಟಕ್ಕೇ ಮಾತು ಮುಗಿಯಿತು. ದಂಗೆಯ ಏಳು ಪಿಕ್ಚರ್ ಮಾಡಿದ ಮನುಷ್ಯನ ಕೆಲಸ ನನ್ನ ಕಾಲೇಜಿನ ಕ್ಲಾಸ್ ರೂಮಿನಲ್ಲಿ, ಫ್ಯಾನಿನ ಕೆಳಗೆ, ಇಷ್ಟು ಮೆತ್ತಗೆ ಮುಗಿಯುತ್ತದೆ ಅಂತ ಯಾರು ಅಂದುಕೊಂಡಿದ್ದರು?

ಈಗಿನ ಮಕ್ಕಳಿಗೆ ಸಿಟ್ಟೇ ಇಲ್ಲ, ಮೊಬೈಲಿನಲ್ಲಿ ಮುಳುಗಿದ್ದಾರೆ ಅಂತ ಇದೇ ಅಂಕಣದಲ್ಲಿ ನಾನೇ ಎರಡು ಮೂರು ಸಲ ಬರೆದಿದ್ದೇನೆ. ನೀವೂ ಓದಿ ತಲೆಯಾಡಿಸಿದ್ದೀರಿ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಸಿಟ್ಟು ಇದೆ. ಫೈಲ್ ಮಾಡಿ ಇಟ್ಟಿದ್ದೇವೆ. ಅನ್ನ ಬೇಯಿಸದ ನಮ್ಮ ವಾರ್ಡನ್ ಎಂಟನೇ ಕ್ಲಾಸು ಓದಿದವರು. ಕೂಗಿದವನು ಯಾರು ಅಂತ ಗೊತ್ತಾಗದೆಯೂ ಒಂದು ಹಿಡಿ ಅನ್ನ ಅಗಿದು ನೋಡಿದರು. ನಾನು ಎಂ.ಎ. ಕೂಗಿದವಳು ನನ್ನೆದುರೇ ನಿಂತಿದ್ದಳು.

ನಿನ್ನೆ ಬೆಳಿಗ್ಗೆ ಬಸ್ಸು ತಡ. ಹಾಜರಿ ಮುಗಿಸಿ ಪುಸ್ತಕ ತೆಗೆದಿದ್ದೆ. ಹುಲಿಗೆಮ್ಮ ಬಾಗಿಲಲ್ಲಿ ಬಂದು ನಿಂತಳು. ಏದುಸಿರು ಬಿಡುತ್ತಿದ್ದಳು. ಒಳಗೆ ಬಾ ಅಂದೆ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಆಗಲೇ ಗೈರು ಬಿದ್ದಿತ್ತು. ಅವಳು ಅದನ್ನು ನೋಡಿದಳು, ಹೋಗಿ ಕೂತಳು. ನಾನೂ ತಿದ್ದಲಿಲ್ಲ.

ಕೀಲಿ ಈಗಲೂ ನನ್ನ ಜೇಬಿನಲ್ಲೇ ಇದೆ. ಅಲ್ಮೇರಾ ತೆರೆಯಲು ನಾನು ಯಾರಿಗೆ ಅರ್ಜಿ ಬರೆಯಬೇಕು?